ನಾಲ್ಕು ದಿನ ಕರೆಂಟಿಲ್ಲ, ಮರ ಯಾರದ್ದು ಅಂತ ಇನ್ನೂ ತೀರ್ಮಾನವಾಗಿಲ್ಲ

ಮಾನ್ಯ ಸಂಪಾದಕರೇ,

ಶನಿವಾರದ ಪತ್ರಿಕೆಯಲ್ಲಿ ನಮ್ಮ ಕ್ರಾಸಿನಲ್ಲಿ ಕರೆಂಟ್ ತಂತಿ ಮೇಲೆ ಮರ ಬಿದ್ದ ಸುದ್ದಿ ಹಾಕಿದ್ದೀರಿ, ಸಂತೋಷ. ಆದರೆ ‘ಕೆಲಕಾಲ ವಿದ್ಯುತ್ ವ್ಯತ್ಯಯ’ ಅಂತ ಬರೆದಿದ್ದೀರಲ್ಲ, ಕೆಲಕಾಲ ಅಂದರೆ ನಾಲ್ಕು ದಿನ ಸ್ವಾಮಿ! ಪಂಪ್ ಇಲ್ಲದೆ ಬಾವಿ ನೀರು ಸೇದಿ ಸೇದಿ ನನ್ನ ಭುಜ ಹಿಡಿದುಕೊಂಡಿದೆ. ಅಮ್ಮನಿಗೆ ಉಬ್ಬಸ, ನೆಬುಲೈಸರ್ ಹಚ್ಚುವುದಕ್ಕೆ ಅಂತ ಸುರಿಯುವ ಮಳೆಯಲ್ಲಿ ದಿನಾ ಆಟೋ ಮಾಡಿಕೊಂಡು ಪೇಟೆಯ ನೆಂಟರ ಮನೆಗೆ ಹೋಗಿ ಬಂದಿದ್ದೇವೆ. ಮೊಬೈಲ್ ಚಾರ್ಜು ಬಸ್ ಡ್ರೈವರ್ ಕೃಪೆ.

ಬಿದ್ದಿದ್ದು ಅಕೇಶಿಯಾ. ನಾನೇ ಹೋಗಿ ನೋಡಿದೆ. ಬೇರು ಆಳಕ್ಕೇ ಇಳಿದಿಲ್ಲ, ಮಣ್ಣು ಸಮೇತ ದೊಡ್ಡ ಮೊರದ ಹಾಗೆ ಎದ್ದು ನಿಂತಿದೆ. ಎರಡು ಕಂಬ ಮುರಿದು ತಂತಿ ಹಳ್ಳದಲ್ಲಿತ್ತು. ಲೈನ್‌ಮ್ಯಾನ್ ‘ಮರ ಕಾಡಿನವರದ್ದು, ಮುಟ್ಟಿದರೆ ನನ್ನ ಮೇಲೆ ಕೇಸು’ ಅಂದ. ಅರಣ್ಯ ಇಲಾಖೆಯ ಗಾರ್ಡ್ ‘ಮೊದಲು ನಿಮ್ಮ ತಂತಿ ತೆಗೀರಿ, ಆಮೇಲೆ ಗರಗಸ’ ಅಂದ. ಇಬ್ಬರೂ ಒಂದೇ ಅಂಗಡಿಯಲ್ಲಿ ಟೀ ಕುಡಿದು ಹೋದರು. ಮೂರನೇ ದಿನ ಊರಿನ ಹುಡುಗರೇ ಕಡಿದು ದಾರಿ ಬಿಡಿಸಿದರು. ಈಗ ಕಡಿದ ತುಂಡು ಎಲ್ಲಿ ಹೋಯಿತು ಅಂತ ವಿಚಾರಿಸಲು ಮಾತ್ರ ಎರಡು ಸಲ ಜೀಪು ಬಂದಿದೆ.

ಈ ಅಕೇಶಿಯಾ ನಮ್ಮ ಅಜ್ಜ ನೆಟ್ಟಿದ್ದಲ್ಲ. 1980ರಲ್ಲಿ ಭದ್ರಾವತಿಯ ಕಾಗದದ ಕಾರ್ಖಾನೆಗೆಂದು ನಮ್ಮ ಜಿಲ್ಲೆಯ ಸಾವಿರಾರು ಹೆಕ್ಟೇರ್ ಜಾಗವನ್ನು 40 ವರ್ಷಕ್ಕೆ ಗುತ್ತಿಗೆ ಕೊಟ್ಟರು. ಕಾಡು ಉಳಿಸುವ ಕಾನೂನು ಬಂದಿದ್ದೂ ಅದೇ 1980ರಲ್ಲಿ, ಅದು ಬೇರೆ ತಮಾಷೆ. ಬೇಗ ಬೆಳೆಯುತ್ತೆ, ದನ ತಿನ್ನಲ್ಲ ಅಂತ ಉಳಿದ ಗುಡ್ಡಕ್ಕೂ ಇದನ್ನೇ ಹಾಕಿದರು. ಕಾರ್ಖಾನೆ ನಿಂತುಹೋಯಿತು, ಅಕೇಶಿಯಾ ನಿಲ್ಲಲಿಲ್ಲ. ನಮ್ಮ ಚಿಕ್ಕಪ್ಪ ತೋಟಕ್ಕೆ ಸೊಪ್ಪು ತರುವಾಗ ಒಂದು ಮತ್ತಿ ಕೊಂಬೆ ಕಡಿದಿದ್ದಕ್ಕೆ ಎರಡು ವರ್ಷ ಅಲೆದಾಡಿದರು, ಅದೂ ತೋಟಕ್ಕೆ ಸೊಪ್ಪು ತರಲೆಂದೇ ಬಿಟ್ಟ ಸೊಪ್ಪಿನ ಬೆಟ್ಟದಲ್ಲಿ!

1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಕಟ್ಟಿದಾಗ ನಮ್ಮ ಅಜ್ಜನ ಗದ್ದೆ ಮುಳುಗಿತು. ಆಗ ಯಾವ ಪರಿಸರ ವರದಿ, ಯಾವ ಅಹವಾಲು? ನಮ್ಮವರನ್ನು ಲಾರಿಗೆ ತುಂಬಿ ಬೇರೆ ಜಾಗಕ್ಕೆ ತಂದು ಬಿಟ್ಟರು. ಆ ಜಾಗಕ್ಕೆ ಹಕ್ಕುಪತ್ರ ಕೇಳಿದರೆ ಇವತ್ತಿಗೂ ‘ಅರಣ್ಯ’ ಅಂತಾರೆ. ಈಗ ಕಾಲ ಸುಧಾರಿಸಿದೆ, ಕುರ್ಚಿ ಹಾಕಿ ಕೇಳುತ್ತಾರೆ. ಶರಾವತಿ ಪಂಪ್ಡ್ ಸ್ಟೋರೇಜ್ ವಿದ್ಯುತ್ ಯೋಜನೆಗೆ 2025ರ ಸೆಪ್ಟೆಂಬರ್‌ನಲ್ಲಿ ಕಾರ್ಗಲ್‌ನಲ್ಲೂ ಗೇರುಸೊಪ್ಪದಲ್ಲೂ ಅಹವಾಲು ಸಭೆ ನಡೆಸಿದರಲ್ಲ. ಸಿಂಗಳೀಕಗಳ ಅಭಯಾರಣ್ಯದೊಳಗೆ 2000 ಮೆಗಾವಾಟ್! ಗೇರುಸೊಪ್ಪದ ಜಲಾಶಯದ ನೀರನ್ನು ಮೇಲಿನ ತಳಕಳಲೆ ಜಲಾಶಯಕ್ಕೆ ಎತ್ತಿ, ಮತ್ತೆ ಕೆಳಗೆ ಬಿಟ್ಟು ಕರೆಂಟು ಮಾಡುವುದಂತೆ. ಎತ್ತುವುದಕ್ಕೆ ಬೇಕಾಗುವ ಕರೆಂಟು ಹುಟ್ಟುವುದಕ್ಕಿಂತ ಜಾಸ್ತಿ. ಅದಕ್ಕೆ ಸಾವಿರಾರು ಮರ ಕಡಿಯುವ ಲೆಕ್ಕ ಕಡತದಲ್ಲಿ ಚೆನ್ನಾಗಿ ಕೂರುತ್ತದೆ, ನಮ್ಮ ತಂತಿ ಮೇಲೆ ಬಿದ್ದ ಒಂದೇ ಒಂದು ಮರಕ್ಕೆ ಮಾತ್ರ ಯಾವ ಸಾಹೇಬರ ಸಹಿ ಬೇಕೋ ಯಾರಿಗೂ ಗೊತ್ತಿಲ್ಲ.

ದಯವಿಟ್ಟು ಲೈನಿನ ಅಕ್ಕಪಕ್ಕದ ಅಕೇಶಿಯಾ ಎಲ್ಲ ತೆಗೆಸಿ. ಇಲ್ಲವೇ ತಂತಿಯನ್ನಾದರೂ ನೆಲದೊಳಗೆ ಹಾಕಿಸಿ. ಎರಡೂ ಆಗದಿದ್ದರೆ ಸಾಹೇಬರು ಒಂದು ದಿನ ನಮ್ಮನೆಗೆ ಬಂದು ನೀರು ಸೇದಲಿ. ಹಗ್ಗ ನಾವೇ ಕೊಡುತ್ತೇವೆ.

– ನೊಂದ ಗ್ರಾಹಕ, ಸಾಗರ ತಾಲ್ಲೂಕು