ನಾಡ ಪಿಸ್ತೂಲಿನ ದರಪಟ್ಟಿ ಬೇಡ

ಮಾನ್ಯ ಸಂಪಾದಕರೆ,

ನಾಡ ಪಿಸ್ತೂಲು ಸಿಕ್ಕಾಗಲೆಲ್ಲ ಸುದ್ದಿಯಲ್ಲಿ ಅದರ ಬೆಲೆ, ಮಾರುವ ಊರು, ಮೇಜಿನ ಮೇಲೆ ಜೋಡಿಸಿಟ್ಟ ಫೋಟೊ. ಜತೆಗೆ, ಕಾರ್ಖಾನೆಯ ನಂಬರಿಲ್ಲದ್ದರಿಂದ ಮೂಲ ಸಿಗದು ಎಂಬ ಸಾಲು. ಧಾರವಾಡದವಳಾದ ನನಗೆ ಇದನ್ನು ಓದಿದರೆ ಸಂಕಟವಾಗುತ್ತದೆ. 2015ರಲ್ಲಿ ಸಂಶೋಧಕ ಎಂ.ಎಂ. ಕಲಬುರ್ಗಿ ಸರ್ ಅವರನ್ನು ಇಲ್ಲಿನ ಕಲ್ಯಾಣನಗರದ ಮನೆ ಬಾಗಿಲಲ್ಲೇ ಕೊಂದದ್ದೂ 2017ರಲ್ಲಿ ಬೆಂಗಳೂರಿನಲ್ಲಿ ಪತ್ರಕರ್ತೆ ಗೌರಿ ಲಂಕೇಶರನ್ನು ಕೊಂದದ್ದೂ ಒಂದೇ 7.65 ಮಿ.ಮೀ. ನಾಡ ಪಿಸ್ತೂಲು ಎಂದು ವಿಧಿವಿಜ್ಞಾನ ಪ್ರಯೋಗಾಲಯ ಹೇಳಿತು. ನಂಬರಿಲ್ಲದಿದ್ದರೇನು, ಗುಂಡು ಮತ್ತು ಖಾಲಿ ತೋಟೆಯ ಮೇಲೆ ಪಿಸ್ತೂಲು ಬಿಟ್ಟ ಗೀರುಗಳು ಮಾತಾಡುತ್ತವೆ. ಇದನ್ನು ಬಿಡಿಸಿ ಬರೆಯಿರಿ. ಅಕ್ರಮವಾಗಿ ಬಂದೂಕು ತಯಾರಿಸಿದರೆ ಶಸ್ತ್ರಾಸ್ತ್ರ ಕಾಯ್ದೆಯ 2019ರ ತಿದ್ದುಪಡಿಯಂತೆ ಕನಿಷ್ಠ 7 ವರ್ಷ, ಗರಿಷ್ಠ ಜೀವಾವಧಿ ಶಿಕ್ಷೆ ಎಂಬುದನ್ನೂ ಅಚ್ಚು ಹಾಕಿ. ನೀವು ಸುದ್ದಿ ಮಾಡಿದ ಪಿಸ್ತೂಲಿನ ಪ್ರಕರಣ ಕೋರ್ಟಿನಲ್ಲಿ ಏನಾಯಿತೆಂದು ವರ್ಷಗಳ ನಂತರವಾದರೂ ತಿಳಿಸಿ.

ನಿವೃತ್ತ ಶಿಕ್ಷಕಿ, ಧಾರವಾಡ