ಬೊಲಿವಿಯಾವನ್ನು ಬೊಕ್ಕಸದಿಂದ ಬರೆಯಿರಿ

ಪ್ರಿಯ ಕಿರಿಯ ಮಿತ್ರರೇ,

ಬೊಲಿವಿಯಾದ ಮೊದಲ ವರ್ಷಗಳ ಬಗ್ಗೆ ನೀವು ಕಳಿಸಿದ ಕರಡನ್ನು ಪೂರ್ತಿ ಓದಿದೆ. ಶ್ರಮ ಎದ್ದು ಕಾಣುತ್ತದೆ. ಆದರೆ ಲೇಖನವೆಲ್ಲ ಸ್ಪೇನ್ ಆಳ್ವಿಕೆಯ ವಿರುದ್ಧದ ಹೋರಾಟದ ನಾಯಕ ಬೊಲಿವಾರ್‌ನ ಘೋಷಣೆಗಳನ್ನೇ ಹಿಡಿದು ಸಾಗಿದೆ. ಇನ್ನೊಮ್ಮೆ ಬರೆಯಿರಿ, ಈ ಸಲ ಬೊಕ್ಕಸದಿಂದ ಶುರುಮಾಡಿ. ಅಷ್ಟೊಂದು ಒಳ್ಳೆಯ ಆಜ್ಞೆಗಳು ಒಂದೆರಡು ವರ್ಷದಲ್ಲೇ ಯಾಕೆ ಮುಗ್ಗರಿಸಿದವು ಎಂಬುದು ಅಲ್ಲಿ ತಿಳಿಯುತ್ತದೆ.

ಅದಕ್ಕೂ ಮುಂಚೆ ಹೆಸರುಗಳನ್ನು ಗಟ್ಟಿ ಮಾಡಿಕೊಳ್ಳಿ. ಸ್ವಾತಂತ್ರ್ಯಕ್ಕೆ ಮುಂಚೆ ಈ ನಾಡು ಚಾರ್ಕಾಸ್, ಇಲ್ಲವೇ ಮೇಲಿನ ಪೆರು. 1776ರವರೆಗೆ ಪೆರುವಿನ ಲಿಮಾದಲ್ಲಿದ್ದ ಸ್ಪೇನ್ ವೈಸರಾಯ್ ಕೈಕೆಳಗಿತ್ತು, ಆಮೇಲೆ ಬ್ಯೂನಸ್ ಐರಿಸ್‌ಗೆ ಸೇರಿತು. ಹಾಗಾಗಿಯೇ 1825ರಲ್ಲಿ ಎರಡೂ ಕಡೆಯವರು ಅದರ ಮೇಲೆ ಹಕ್ಕು ಹೇಳಬಹುದಿತ್ತು. ರಾಜಧಾನಿ ಚುಕಿಸಾಕಾ. ಊರಿಗೆ ಬೊಲಿವಾರನ ಸೇನಾನಿ, ಮುಂದೆ ದೇಶದ ಅಧ್ಯಕ್ಷನಾದ ಸುಕ್ರೆಯ ಹೆಸರು ಬಂದದ್ದು 1839ರಲ್ಲಿ, ಅದಕ್ಕೆ ಮುಂಚಿನ ಘಟನೆಗಳಲ್ಲಿ ಆ ಹೆಸರು ಬೇಡ. ನಿಮ್ಮ ಕರಡಿನಲ್ಲಿ ಇಬ್ಬರು ಒಲಾನ್ಯೆತಾಗಳು ಒಬ್ಬರಾಗಿಬಿಟ್ಟಿದ್ದಾರೆ. ಪೆಡ್ರೊ ಆಂಟೋನಿಯೊ ಸ್ಪೇನ್ ರಾಜನ ಪಕ್ಷದ ಸೇನಾನಿ, 1825ರ ಏಪ್ರಿಲ್‌ನಲ್ಲಿ ತುಮುಸ್ಲಾದಲ್ಲಿ ಪೆಟ್ಟು ತಿಂದು ಸತ್ತವನು. ಅವನ ಬಂಧು ಕಸಿಮಿರೊ ವಕೀಲ, ಪಕ್ಷ ಬದಲಿಸಿ ಹೊಸ ದೇಶದ ಮುಂದಾಳಾದವನು.

1825ರ ಆಗಸ್ಟ್ 6ರಂದು ಸ್ವಾತಂತ್ರ್ಯ ಘೋಷಿಸಿದ ಸಭೆಗೆ ಯಾರು ಬಂದಿದ್ದರು ಎಂದು ಒಂದು ಪ್ಯಾರಾ ಬರೆಯಲೇಬೇಕು. ಓದು, ಆಸ್ತಿ ಇದ್ದವರಿಗಷ್ಟೇ ಅಲ್ಲಿ ಜಾಗ. ಸದಸ್ಯರಲ್ಲಿ ಬಹುಪಾಲು ಮಂದಿ ಚುಕಿಸಾಕಾದಲ್ಲಿ ಓದಿದ ಕ್ರಿಯೋಲರು, ಅಂದರೆ ಅಲ್ಲೇ ಹುಟ್ಟಿದ ಸ್ಪ್ಯಾನಿಷ್ ಮೂಲದವರು. 1809ರಿಂದ ಕಣಿವೆಗಳಲ್ಲಿ ಗೆರಿಲ್ಲಾ ಕಾಳಗ ನಡೆಸಿದವರು ಅಲ್ಲಿ ಬೆರಳೆಣಿಕೆಯಷ್ಟು. ನಾಡಿನ ಬಹುಸಂಖ್ಯಾತರಾದ ಐಮಾರಾ, ಕೆಚುವಾ ಮೂಲನಿವಾಸಿ ಜನರಿಗೆ ಪ್ರಾತಿನಿಧ್ಯವೇ ಇರಲಿಲ್ಲ. ನಮ್ಮ ಓದುಗರು ಸ್ವಾತಂತ್ರ್ಯ ಎಂದೊಡನೆ 1947ನ್ನು ನೆನೆಯುತ್ತಾರೆ. ಈ ಪ್ಯಾರಾ ಇದ್ದರೆ ಆ ತಪ್ಪು ಹೋಲಿಕೆ ಇಲ್ಲೇ ನಿಲ್ಲುತ್ತದೆ.

ಈಗ ತೆರಿಗೆಗೆ ಬನ್ನಿ. ಲೇಖನದ ಮೂರನೇ ಒಂದು ಭಾಗ ಇದಕ್ಕೇ ಮೀಸಲಿಡಿ. ಸ್ಪೇನ್ ಕಾಲದಿಂದಲೂ ಮೂಲನಿವಾಸಿ ಗಂಡಸರು ತಲೆಗಂದಾಯ ಕಟ್ಟುತ್ತಿದ್ದರು, ವರ್ಷಕ್ಕೆ ಎರಡು ಕಂತು, ಜೂನ್‌ನ ಸಂತ ಯೋಹಾನನ ಹಬ್ಬಕ್ಕೊಂದು, ಕ್ರಿಸ್‌ಮಸ್‌ಗೊಂದು. ಸಮುದಾಯದ ಭೂಮಿಯಲ್ಲಿ ಪೂರ್ಣ ಪಾಲಿದ್ದವರಿಗೆ ಹೆಚ್ಚು, ಹೊರಗಿನಿಂದ ಬಂದು ಸೇರಿದವರಿಗೆ ಕಡಿಮೆ. ಬೊಲಿವಾರ್ 1825ರ ಡಿಸೆಂಬರ್‌ನಲ್ಲಿ ಇದನ್ನು ರದ್ದು ಮಾಡಿ, ಎಲ್ಲರ ಮೇಲೂ ಸಮನಾಗಿ ಬೀಳುವ ನೇರ ತೆರಿಗೆ ತಂದ. ನಿಮ್ಮ ಕರಡು ಇಲ್ಲಿಗೆ ನಿಂತು ಅವನನ್ನು ಹೊಗಳಿದೆ. ಮುಂದೆ ಏನಾಯಿತು? ತಲೆಗಂದಾಯ ಕಟ್ಟಿ ಅಭ್ಯಾಸವೇ ಇಲ್ಲದ ಕ್ರಿಯೋಲರೂ ಮಿಶ್ರ ಮೂಲದ ಮೆಸ್ತಿಜೊಗಳೂ ಹೊಸ ತೆರಿಗೆಗೆ ತಿರುಗಿಬಿದ್ದರು, ಆಸ್ತಿಯ ಲೆಕ್ಕ ಬರೆಯಲು ನುರಿತ ನೌಕರರೂ ಇರಲಿಲ್ಲ. 1826ರಲ್ಲೇ ಸುಕ್ರೆಯ ಸರ್ಕಾರ ಹಳೆಯ ಕಂದಾಯಕ್ಕೆ ಮರಳಿತು, ನೇರ ತೆರಿಗೆ ಬಿದ್ದುಹೋಯಿತು. ಅದಾದ ಮೇಲೆ ದಶಕಗಳ ಕಾಲ ಬೊಕ್ಕಸ ನಿಂತದ್ದು ಆ ಬಡವರ ದುಡ್ಡಿನ ಮೇಲೆ. ಇದನ್ನು ಬರೆಯುವಾಗ ಸುಕ್ರೆಯನ್ನು ವಂಚಕನನ್ನಾಗಿಸಬೇಡಿ, ಅವನ ಕೈಯಲ್ಲಿ ಬೇರೆ ಹಣವಿರಲಿಲ್ಲ. ಇನ್ನೊಂದು ಸೂಕ್ಷ್ಮವನ್ನೂ ಬಿಡಬೇಡಿ: ಕಂದಾಯ ಕಟ್ಟಿದ ಸಮುದಾಯಕ್ಕೆ ತನ್ನ ಭೂಮಿ ತನ್ನದೇ ಎಂದು ವಾದಿಸಲು ಅದೇ ಆಧಾರವಾಗಿತ್ತು. ಹೊರೆಯೂ ಅದೇ, ರಕ್ಷಣೆಯೂ ಅದೇ.

ಗಣಿಯನ್ನು ಚಿಕ್ಕದಾಗಿ ಮುಗಿಸಿ. ಬೆಳ್ಳಿ ಗಣಿಗಳ ಊರು ಪೊಟೊಸಿಯ ಸುರಂಗಗಳಲ್ಲಿ ನೀರು ತುಂಬಿತ್ತು, ಅದಿರಿನಿಂದ ಬೆಳ್ಳಿ ತೆಗೆಯಲು ಬೇಕಾದ ಪಾದರಸ ದುಬಾರಿ, ಬಂಡವಾಳ ಹಾಕುತ್ತೇವೆಂದು ಬಂದ ಲಂಡನ್ ಕಂಪನಿಗಳ ಆಸೆ 1825ರ ಕೊನೆಯ ಶೇರುಪೇಟೆ ಕುಸಿತದಲ್ಲಿ ಕರಗಿತು. ಇಷ್ಟು ಸಾಕು.

ಬಂದರಿಗೆ ಮಾತ್ರ ನಕ್ಷೆ ಬೇಕು. ನಾಲ್ಕೇ ಗುರುತು ಹಾಕಿ: ಲಾ ಪಾಸ್, ಪೊಟೊಸಿ, ಅರಿಕಾ, ಕೊಬಿಹಾ. ಬೆಳ್ಳಿ ಸಾಗಿಸಲು ಸಹಜವಾದ ಬಂದರು ಅರಿಕಾ, ಅದು ಆಗ ಪೆರುವಿನದು. ಬೊಲಿವಿಯಾದ ಪಾಲಿಗೆ ಉಳಿದ ಕೊಬಿಹಾದಲ್ಲಿ ಕುಡಿಯುವ ನೀರಿಗೇ ಬರ, ಅಲ್ಲಿಂದ ಪೊಟೊಸಿಗೆ ಹೇಸರಗತ್ತೆಗಳು ಅಟಕಾಮಾ ಮರುಭೂಮಿ ದಾಟಿ ಬೆಟ್ಟ ಹತ್ತಬೇಕು. 1826ರ ನವೆಂಬರ್‌ನಲ್ಲಿ ಅರಿಕಾವನ್ನು ಬೊಲಿವಿಯಾಕ್ಕೆ ಬಿಟ್ಟುಕೊಡುವ ಒಪ್ಪಂದಕ್ಕೆ ಚುಕಿಸಾಕಾದಲ್ಲಿ ಸಹಿಯಾಯಿತು, ಲಿಮಾ ಒಪ್ಪಲಿಲ್ಲ. ಆಗ ಲಿಮಾ ಸರ್ಕಾರದ ಮುಖ್ಯಸ್ಥ ಯಾರು ಗೊತ್ತೇ? ಆಂಡ್ರೆಸ್ ದೆ ಸಾಂತಾ ಕ್ರೂಸ್. ಲಾ ಪಾಸ್‌ನಲ್ಲಿ ಹುಟ್ಟಿದವನು, 1829ರಲ್ಲಿ ಬೊಲಿವಿಯಾದ ಅಧ್ಯಕ್ಷನಾದವನೂ ಅವನೇ. ಈ ಸಂಗತಿಯನ್ನು ಅಡಿಟಿಪ್ಪಣಿಯಲ್ಲಿ ಹೂಳಬೇಡಿ, ಆ ಕಾಲದಲ್ಲಿ ದೇಶವೆಂಬುದು ಎಷ್ಟು ಸಡಿಲವಾಗಿತ್ತು ಎಂಬುದು ಇದರಲ್ಲೇ ಗೊತ್ತಾಗುತ್ತದೆ.

ಆಜೀವ ಅಧ್ಯಕ್ಷ, ಮೂರು ಸದನಗಳ 1826ರ ಸಂವಿಧಾನ ಇವೆಲ್ಲ ಆದಮೇಲೆ ಬರಲಿ. ಅಷ್ಟು ಹೊತ್ತಿಗೆ ಅದನ್ನು ನಡೆಸಲು ಹಣವಿಲ್ಲವೆಂದು ಓದುಗರಿಗೆ ತಿಳಿದಿರುತ್ತದೆ. ಲೇಖನದ ಮೊದಲ ಕಂತನ್ನು 1828ಕ್ಕೆ ನಿಲ್ಲಿಸಿ. ಏಪ್ರಿಲ್ 18ರಂದು ಚುಕಿಸಾಕಾದ ಸೈನಿಕರು ದಂಗೆ ಎದ್ದರು, ತಡೆಯಲು ಹೋದ ಸುಕ್ರೆಯ ಬಲಗೈಗೆ ಗುಂಡು ಬಿತ್ತು. ಪೆರುವಿನ ಸೇನಾನಿ ಗಮಾರ್ರಾ ಸೈನ್ಯ ತಂದು ನುಗ್ಗಿದ, ಜುಲೈನಲ್ಲಿ ಪಿಕಿಸಾ ಒಪ್ಪಂದವಾಗಿ ಸುಕ್ರೆಯ ಜೊತೆ ಬಂದಿದ್ದ ಕೊಲಂಬಿಯಾದ ಪಡೆಗಳು ಹೊರಡಬೇಕಾಯಿತು, ಆಗಸ್ಟ್‌ನಲ್ಲಿ ಸುಕ್ರೆ ಅಧಿಕಾರ ಬಿಟ್ಟ. ಎರಡನೇ ಕಂತಿಗೆ ಸಾಂತಾ ಕ್ರೂಸ್‌ನ ಕಾನೂನು ಸಂಹಿತೆಗಳು ಒಂದು ಕಡೆ, ಬೆಳ್ಳಿಯ ಅಂಶ ಇಳಿಸಿ ಪೊಟೊಸಿಯಲ್ಲಿ ಅವನು ಟಂಕಿಸಿದ ನಾಣ್ಯ ಇನ್ನೊಂದು ಕಡೆ ಇಟ್ಟುಕೊಳ್ಳಿ. ನಾಣ್ಯದಿಂದಲೇ ಆರಂಭಿಸಿ.

ನಿಮ್ಮ ಹಿತೈಷಿ