ಪುಟ್ಟಿಗೆ, ಮಂಡಿ ವಾಸಿಯಾಗುವ ತನಕ

ಪ್ರೀತಿಯ ಪುಟ್ಟಿಗೆ,

ಅತ್ತೆಯ ಆಶೀರ್ವಾದ. ಭಾನುವಾರ ನಿಮ್ಮಪ್ಪ ಫೋನ್ ಮಾಡಿದ್ದ. ಆಪರೇಷನ್ ಆಗಿ ಮೂರು ತಿಂಗಳಾಯಿತು, ಮಂಡಿ ಚೆನ್ನಾಗಿ ಮಡಚೋಕೆ ಬರುತ್ತಿದೆ, ಆದರೆ ಹುಡುಗಿ ರೂಮು ಬಿಟ್ಟು ಆಚೆ ಬರುತ್ತಿಲ್ಲ ಅಂದ. ಜೂನಿಯರ್ ಹುಡುಗಿಯರಿಗೆ ಹೇಳಿಕೊಡು ಬಾ ಅಂತ ನಿಮ್ಮ ಬ್ಯಾಸ್ಕೆಟ್‌ಬಾಲ್ ಕೋಚ್ ಕರೆದರೂ ನೀನು ಹೋಗಲಿಲ್ಲವಂತೆ. ಇನ್ನು ಆಡೋಕಾಗಲ್ಲ ಅಂತ ನನ್ನನ್ನು ಪಕ್ಕಕ್ಕೆ ಸರಿಸುತ್ತಿದ್ದಾರೆ ಅಂತ ರಾತ್ರಿಯೆಲ್ಲ ಕಣ್ಣೀರು ಹಾಕಿದೆಯಂತೆ. ಕೇಳಿ ನನಗೆ ಹೊಟ್ಟೆಯಲ್ಲಿ ಸಂಕಟ ಆಯಿತು. ಫೋನಿನಲ್ಲಿ ಹೇಳಿದರೆ "ಹೂಂ ಅತ್ತೆ" ಅಂದು ಇಟ್ಟುಬಿಡುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ, ನಿಧಾನಕ್ಕೆ ಓದು.

ನಾನು ಕಾಲೇಜಿನಲ್ಲಿ ಥ್ರೋಬಾಲ್ ಆಡಿದವಳು. ಬ್ಯಾಸ್ಕೆಟ್‌ಬಾಲ್ ಅರ್ಥ ಆಗಿದ್ದು ಇಲ್ಲಿ ಅಮೆರಿಕದ ಸ್ಯಾನ್ ಆಂಟೋನಿಯೊಗೆ ಬಂದ ಮೇಲೆ. ಮಗಳನ್ನು ಆಗ ಇಲ್ಲಿದ್ದ ಹೆಂಗಸರ ಟೀಮು ಸಿಲ್ವರ್ ಸ್ಟಾರ್ಸ್‌ನ ಮ್ಯಾಚಿಗೆ ಕರೆದುಕೊಂಡು ಹೋಗುತ್ತಾ ಹೋಗುತ್ತಾ ನನಗೇ ಹುಚ್ಚು ಹಿಡಿಯಿತು. ಹಿಡಿಸಿದವಳು 25ನೇ ನಂಬರಿನ ಬೆಕಿ ಹ್ಯಾಮನ್. ಎತ್ತರ ಬರೀ 5 ಅಡಿ 6 ಅಂಗುಲ, ನಿನಗಿಂತ ಕಮ್ಮಿ. ಆರಡಿ ದಾಟಿದವರ ಕೈಗಳ ಸಂದಿಯಲ್ಲಿ ನುಸುಳಿ, ಚೆಂಡನ್ನು ಬೋರ್ಡಿನ ಮೇಲ್ಗಡೆ ಎಲ್ಲೋ ತಾಗಿಸಿ ಒಳಗೆ ಬೀಳಿಸುತ್ತಿದ್ದಳು. ಮಗಳು ಎದ್ದು ನಿಂತು ಕಿರುಚುತ್ತಿದ್ದಳು, ನಾನೂ ಅಷ್ಟೇ.

ಆದರೆ ಅವಳನ್ನು ಯಾರೂ ಹೂವಿನ ಹಾರ ಹಾಕಿ ಕರೆದುಕೊಂಡಿರಲಿಲ್ಲ. 1999ರ ಡ್ರಾಫ್ಟ್‌ನಲ್ಲಿ, ಅಂದರೆ ಹೆಂಗಸರ ಲೀಗಿನ ಟೀಮುಗಳು ಹೊಸ ಆಟಗಾರ್ತಿಯರನ್ನು ಆರಿಸಿಕೊಳ್ಳುವಾಗ, ಒಂದು ಟೀಮೂ ಅವಳ ಹೆಸರು ಹೇಳಲಿಲ್ಲ. ಅದಕ್ಕೆ ಸ್ವಲ್ಪ ಮುಂಚೆ ಇನ್ನೊಂದು ಲೀಗ್ ಮುಚ್ಚಿಹೋಗಿ, ಅಲ್ಲಿ ಆಡಿ ಪಳಗಿದವರೆಲ್ಲ ಇದೇ ಡ್ರಾಫ್ಟಿಗೆ ಬಂದಿದ್ದರು. ಕೊನೆಗೆ ನ್ಯೂಯಾರ್ಕ್ ಲಿಬರ್ಟಿ ಟೀಮಿಗೆ ಸೇರಿ, ತೆರೇಸಾ ವೆದರ್‌ಸ್ಪೂನ್ ಎಂಬ ದೊಡ್ಡ ಆಟಗಾರ್ತಿಯ ಹಿಂದೆ ಬೆಂಚಿನಲ್ಲಿ ಕೂತಳು. ಅಲ್ಲಿ 8 ಸೀಸನ್. 2007ರಲ್ಲಿ ನಮ್ಮೂರಿಗೆ ಬಂದಳು, ಮರುವರ್ಷವೇ ಟೀಮು ಫೈನಲ್ ಮುಟ್ಟಿತು. ಅದೇ 2008ರಲ್ಲಿ ಅಮೆರಿಕದ ಒಲಿಂಪಿಕ್ ಟೀಮಿನಲ್ಲಿ ಜಾಗ ಸಿಗೋ ಲಕ್ಷಣ ಕಾಣದೆ ರಷ್ಯಾ ಪರವಾಗಿ ಆಡಿ ಕಂಚು ಗೆದ್ದಳು. ದೇಶದ್ರೋಹ ಅನ್ನೋ ಥರ ಮಾತಾಡಿದವರೂ ಇದ್ದರು. ಅದರ ವಾದ ಇಲ್ಲಿ ಬೇಡ. ಆಡಬೇಕು ಅನ್ನೋ ಹಸಿವು ಎಷ್ಟಿತ್ತು ಅಂತ ನಿನಗೆ ಗೊತ್ತಾಗಲಿ ಅಂತ ಹೇಳಿದೆ.

ಈಗ ಮಂಡಿಯ ವಿಷಯಕ್ಕೆ ಬರುತ್ತೇನೆ. 2013ರಲ್ಲಿ ಅವಳಿಗೂ ಮಂಡಿಯೊಳಗಿನ ಎಸಿಎಲ್ ಅನ್ನೋ ಕಟ್ಟು ಹರಿಯಿತು. ನಿನಗೆ ಈಗ 24. ಅವಳಿಗೆ ಆಗ 36. ಆ ವಯಸ್ಸಿಗೆ ಮಂಡಿ ಹೋದರೆ ಮನೆಯಲ್ಲಿ ಕಾಲು ಚಾಚಿ ಕೂತರೂ ಯಾರೂ ತಪ್ಪು ತಿಳಿಯುತ್ತಿರಲಿಲ್ಲ. ಅವಳು ಕೂರಲಿಲ್ಲ. ಅದೇ ಊರಿನ ಗಂಡಸರ ಟೀಮು ಸ್ಪರ್ಸ್. ಆಗ ಅದರ ಕೋಚ್ ಗ್ರೆಗ್ ಪೊಪೊವಿಚ್. 2012ರ ಲಂಡನ್ ಒಲಿಂಪಿಕ್ಸ್ ಮುಗಿಸಿ ಬರುವಾಗ ವಿಮಾನದಲ್ಲಿ ಇಬ್ಬರಿಗೂ ಅಕ್ಕಪಕ್ಕದ ಸೀಟು ಸಿಕ್ಕಿ ಮಾತು ಬೆಳೆದಿತ್ತು. ಆ ಪರಿಚಯ ಇಟ್ಟುಕೊಂಡು, ಮಂಡಿ ವಾಸಿಯಾಗುತ್ತಿದ್ದ ಸೀಸನ್ ಪೂರ್ತಿ ಅವಳು ಸ್ಪರ್ಸ್ ಪ್ರಾಕ್ಟೀಸಿಗೆ ಹೋದಳು. ಕೋಚ್‌ಗಳು ಬಾಗಿಲು ಹಾಕಿಕೊಂಡು ಮಾತಾಡೋ ಮೀಟಿಂಗಿನಲ್ಲಿ ಕೂತಳು. ಹಳೇ ಮ್ಯಾಚುಗಳ ವಿಡಿಯೊ ಹಾಕಿ ನೋಡುವಾಗ ಜೊತೆಗೆ ನೋಡಿದಳು. ಕೇಳಿದಾಗ ಬಾಯಿಬಿಟ್ಟು ತನ್ನ ಅಭಿಪ್ರಾಯ ಹೇಳಿದಳು.

ಹದಿನೈದು ವರ್ಷ ಆಡಿದವಳು ಅಲ್ಲಿ ಹೊಸದಾಗಿ ಕಲಿಯೋಕೆ ಏನಿತ್ತು ಅಂತ ನಾನು ಬಹಳ ಸಲ ಯೋಚಿಸಿದ್ದೇನೆ. ಆಡುವಾಗ ಕಣ್ಣಿಗೆ ಕಾಣೋದು ನಿನ್ನ ಮುಂದೆ ನಿಂತವಳು, ನಿನ್ನ ಪಾಸ್‌ಗೆ ಕಾಯುತ್ತಿರುವವಳು. ಪಕ್ಕದಲ್ಲಿ ಕೂತರೆ ಹತ್ತೂ ಜನ ಕಾಣುತ್ತಾರೆ. ಯಾರು ಸುಸ್ತಾಗಿ ಸೊಂಟಕ್ಕೆ ಕೈ ಕೊಟ್ಟಳು, ಯಾರು ಬೈಗುಳ ತಿಂದು ಮುದುಡಿಕೊಂಡಳು, ಯಾವ ಮಾತು ಹೇಳಿದರೆ ಯಾರಿಗೆ ತಲೆಗೆ ಹತ್ತುತ್ತದೆ, ಎಲ್ಲ ಕಾಣುತ್ತದೆ. ಕಾಲು ಓಡುವಾಗ ಅದಕ್ಕೆ ಪುರುಸೊತ್ತಿಲ್ಲ.

ಹಾಗಂತ ಆಟ ಬಿಡಲಿಲ್ಲ, ಇದನ್ನು ಚೆನ್ನಾಗಿ ನೆನಪಿಟ್ಟುಕೋ. 2014ರಲ್ಲಿ ವಾಪಸ್ ಬಂದು ಇನ್ನೊಂದು ಸೀಸನ್ ಆಡಿ, ತಾನೇ ನಿರ್ಧಾರ ಮಾಡಿ ನಿಲ್ಲಿಸಿದಳು. ಆ ಆಗಸ್ಟ್‌ನಲ್ಲೇ ಪೊಪೊವಿಚ್ ಅವಳನ್ನು ಅಸಿಸ್ಟೆಂಟ್ ಕೋಚ್ ಮಾಡಿಕೊಂಡರು. ಗಂಡಸರ ಲೀಗ್ ಎನ್‌ಬಿಎಯಲ್ಲಿ ಪೂರ್ಣಾವಧಿಗೆ ಆ ಕೆಲಸಕ್ಕೆ ಬಂದ ಮೊದಲ ಹೆಂಗಸು ಅವಳು.

2020ರ ಡಿಸೆಂಬರ್ 30 ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ. ಕೊರೊನಾ ಕಾಲ, ಸ್ಟೇಡಿಯಂ ಖಾಲಿ, ನಾವು ಮನೆಯಲ್ಲಿ ಟಿವಿ ಮುಂದೆ. ಎದುರಾಳಿ ಲೇಕರ್ಸ್. ಎರಡನೇ ಕ್ವಾರ್ಟರ್‌ನಲ್ಲಿ ರೆಫರಿ ಜೊತೆ ಜಗಳ ಆಗಿ ಪೊಪೊವಿಚ್ ಅವರನ್ನು ಆಚೆ ಕಳಿಸಿದರು. ಹೋಗ್ತಾ ಅವರು ಬೆಕಿ ಕಡೆ ಬೆರಳು ತೋರಿಸಿದರು, ಅಷ್ಟೇ. ಟೈಮ್‌ಔಟ್‌ನಲ್ಲಿ ಅವಳು ಮಧ್ಯೆ ಬಂದಳು, ಸುತ್ತ ಅವಳಿಗಿಂತ ಒಂದಡಿ ಎತ್ತರದ ಗಂಡಸರು ಬಗ್ಗಿ ಕೇಳುತ್ತಿದ್ದರು. ಎನ್‌ಬಿಎ ಮ್ಯಾಚಿನಲ್ಲಿ ಹೆಡ್ ಕೋಚ್ ಜಾಗದಲ್ಲಿ ಹೆಂಗಸು ನಿಂತದ್ದು ಅದೇ ಮೊದಲು. ಮ್ಯಾಚ್ ಸೋತರು. ನನಗೆ ಕಣ್ಣಲ್ಲಿ ನೀರು ಬಂದದ್ದು ಸೋತದ್ದಕ್ಕಲ್ಲ.

ಮರುವರ್ಷ ಪೋರ್ಟ್‌ಲ್ಯಾಂಡ್ ಟೀಮು ಹೆಡ್ ಕೋಚ್ ಕೆಲಸಕ್ಕೆ ಅವಳನ್ನು ಮಾತಾಡಿಸಿತು, ಕೆಲಸ ಬೇರೆಯವರ ಪಾಲಾಯಿತು. ಅನ್ಯಾಯ ಅಂತ ನನಗೆ ಈಗಲೂ ಅನಿಸುತ್ತದೆ. ಅವಳು ಕಾಯುತ್ತಾ ಕೂರದೆ 2022ಕ್ಕೆ ಹೆಂಗಸರ ಲೀಗಿನ ಲಾಸ್ ವೇಗಸ್ ಏಸಸ್‌ಗೆ ಹೆಡ್ ಕೋಚ್ ಆಗಿ ಹೋದಳು. ಮೊದಲ ವರ್ಷವೇ ಕಪ್. 2023ರಲ್ಲೂ ಕಪ್. 2025ರ ಆಗಸ್ಟ್‌ನಲ್ಲಿ ಮಿನ್ನೆಸೋಟ ಎದುರು 111–58ಕ್ಕೆ ಸೋತರು, ಅದೂ ತಮ್ಮ ಮನೆಯಂಗಳದಲ್ಲಿ. 53 ಪಾಯಿಂಟ್ ಸೋಲು ಪುಟ್ಟಿ! ಆಗ ಲೆಕ್ಕ 14 ಗೆಲುವು, 14 ಸೋಲು. ಅಲ್ಲಿಂದ ಲೀಗಿನ ಉಳಿದ 16 ಮ್ಯಾಚೂ ಗೆದ್ದು, ಅಕ್ಟೋಬರ್‌ನಲ್ಲಿ ಫೈನಲ್ಲನ್ನು 4–0 ಮಾಡಿ ಮೂರನೇ ಕಪ್ ಎತ್ತಿದರು. ಟೀಮು ಕುಸಿದಾಗ ಹುಡುಗಿಯರ ಮುಖ ನೋಡಿ ಏನು ಹೇಳಬೇಕು ಅನ್ನೋದು ಒಂದೇ ದಿನಕ್ಕೆ ಬರೋ ವಿದ್ಯೆ ಅಲ್ಲ. ಅವಳಿಗೆ ಅದರ ಮೊದಲ ಪಾಠ ಆಗಿದ್ದು ಮಂಡಿ ಕೆಟ್ಟ ವರ್ಷದಲ್ಲಿ ಅಂತ ನಾನು ನಂಬಿದ್ದೇನೆ.

ಜೂನಿಯರ್‌ಗಳಿಗೆ ಹೇಳಿಕೊಟ್ಟರೆ ನಿನ್ನ ಜಾಗ ಹೋಗುತ್ತದೆ ಅಂತ ನೀನು ತಿಳಿದಿದ್ದೀಯ. ಆ ಜಾಗ ಮಂಡಿ ಗಟ್ಟಿಯಾಗುವ ತನಕ ಹೇಗೂ ನಿನ್ನದಲ್ಲ. ಡಾಕ್ಟರ್ ಒಂಬತ್ತು ತಿಂಗಳು ಅಂದರೆ ಒಂಬತ್ತು ತಿಂಗಳೇ, ಒಂದು ವಾರ ಕೂಡ ಅವಸರ ಮಾಡಬೇಡ. ಆದರೆ ಆ ತಿಂಗಳುಗಳನ್ನು ಗೋಡೆ ನೋಡಿ ಕಳೆಯಬೇಡ ಕಣೇ. ಪ್ರಾಕ್ಟೀಸಿಗೆ ಹೋಗು. ಗ್ಯಾಲರಿಯಲ್ಲಿ ಕೂತು ಮೊಬೈಲ್ ನೋಡಬೇಡ, ನಿಮ್ಮ ಕೋಚ್ ಪಕ್ಕದಲ್ಲೇ ಕುರ್ಚಿ ಹಾಕಿಕೋ. ಒಂದು ನೋಟ್‌ಬುಕ್ ಇಟ್ಟುಕೋ. ಅವರು ಯಾಕೆ ಆ ಹೊತ್ತಿಗೆ ಟೈಮ್‌ಔಟ್ ತೆಗೆದುಕೊಂಡರು ಅಂತ ಆಮೇಲೆ ಕೇಳು. ಮುಂದೆ ಪಟಿಯಾಲಾದ ಎನ್‌ಐಎಸ್‌ನಲ್ಲಿ ಕೋಚಿಂಗ್ ಕೋರ್ಸ್ ಮಾಡ್ತೀಯೋ ಬಿಡ್ತೀಯೋ, ಆ ಮಾತು ಈಗ ಬೇಡ. ನಿಮ್ಮಪ್ಪನಿಗೂ ಒತ್ತಾಯ ಮಾಡಬೇಡ ಅಂತ ಹೇಳಿದ್ದೇನೆ.

ಇನ್ನೊಂದು ವಿಷಯ. ಹೋದ ತಿಂಗಳು ಫೋನಿನಲ್ಲಿ ನೀನೇ ಹೇಳಿದ್ದೆ, ಹೊಸದಾಗಿ ಸೇರಿದ ಆ ಸಣ್ಣ ಹುಡುಗಿ ಯಾವಾಗಲೂ ಬಲಗಡೆಗೇ ನುಗ್ಗುತ್ತಾಳೆ, ಎಡಗೈ ನಂಬೋದೇ ಇಲ್ಲ ಅಂತ. ಒಂದೇ ಒಂದು ದಿನ ಕೋಲು ಊರಿಕೊಂಡು ಹೋಗಿ ನೋಡಿ ಅಷ್ಟು ಗುರುತಿಸಿದ್ದೆ. ಅದನ್ನು ಅವಳಿಗೆ ಯಾರಾದರೂ ಹೇಳಿದರಾ? ಈ ವಾರ ಹೋಗಿ ಅವಳನ್ನು ಎಡಗೈಯಲ್ಲೇ ಆಡಿಸು. ಏನಾಯಿತು ಅಂತ ಶನಿವಾರ ನನಗೆ ಫೋನ್ ಮಾಡಿ ಹೇಳು, ನಾನು ಎದ್ದೇ ಇರುತ್ತೇನೆ.

ಇಂತಿ ನಿನ್ನ ಪ್ರೀತಿಯ
ಅತ್ತೆ